ಅರುವದು

ಪೆಟ್ಟಿಗೆಯ ಮೇಲೆ ನಮ್ಮಮ್ಮ ಹುಟ್ಟಿದ ಇಸವಿ.
ಸೇನೆಯವರು ಬೇಡವೆಂದು ಬಿಟ್ಟ ಗುಂಡುಗಳು
ಎಷ್ಟೋ ಉಗ್ರಾಣ ಸುತ್ತಿ ಕೊನೆಗೆ ನಮ್ಮ ಪಾಲಿಗೆ,
ವರ್ಷಕ್ಕೊಮ್ಮೆಯ ಫೈರಿಂಗಿಗೆ, ತಲೆಗೆ ಇಪ್ಪತ್ತು.
ಹಿತ್ತಾಳೆಗೆ ಹಸಿರು ಕಿಲುಬು. ಸುತ್ತಿದ ಕಾಗದಕ್ಕೆ
ಮುಚ್ಚಿಟ್ಟ ಟ್ರಂಕಿನ ವಾಸನೆ.

ಬಂಗಾರಪೇಟೆ ರಸ್ತೆಯಾಚೆ, ಬೋಳುಗುಡ್ಡದ ಬುಡದಲ್ಲಿ
ಮರಳುಮೂಟೆಗೆ ತೋಳಾನಿಸಿ ಮಲಗಿದ್ದೆವು
ಎಂಟು ಜನ ಹೆಂಗಸರು. ನೆತ್ತಿಯಲ್ಲಿ ಕೆಂಪು ಬಾವುಟ.
ಕುರಿ ಮೇಯಿಸುವವರಿಗೆ ಹಿಂದಿನ ದಿನವೇ ಡಂಗುರ ಹೊಡೆಸಿತ್ತು.

ನನ್ನ ಮೂರನೆಯ ಗುಂಡು. ಕುದುರೆ ಎಳೆದೆ.
ಟಿಕ್.
ಅಷ್ಟೇ. ಬೀರುವಿನ ಬೀಗ ಬಿದ್ದಷ್ಟು.

ಕೈ ತಾನಾಗೇ ಬೋಲ್ಟಿನ ಕಡೆ ಹೋಯಿತು.
ಭುಜದ ಮೇಲೆ ಅಂಗೈಯೊಂದು ಬಿತ್ತು, ಭಾರವಾಗಿ:
"ಮುಟ್ಟಬೇಡಮ್ಮಾ. ಮೂತಿ ಗುಡ್ಡಕ್ಕೇ ಇರಲಿ.
ಸತ್ತಿದೆಯೋ, ನಿದ್ದೆ ಹೊಡೀತಿದೆಯೋ, ನಮಗೇನು ಗೊತ್ತು?
ಎಣಿಸು."

ಆರ್ಮರರ್ ಆರೋಗ್ಯದಾಸ್. ಊರು ಆಂಡರ್ಸನ್‌ಪೇಟೆ.
ಮಾತು ಕನ್ನಡದ್ದೇ, ಎಣಿಕೆ ಮಾತ್ರ ತಮಿಳು.
ಒನ್ನು, ರೆಂಡು, ಮೂಣು.
ಪುಸ್ತಕದಲ್ಲಿ ಮೂವತ್ತು ಸೆಕೆಂಡು ಅಂತಿದೆ.
ಮುಪ್ಪದು ಬಂತು, ಹೋಯಿತು; ಅವರು ನಿಲ್ಲಿಸಲಿಲ್ಲ.
ಕೌಜುಗವೊಂದು ಗುರಿಹಲಗೆಯ ಕೆಳಗೇ
ತನ್ನ ಪಾಡಿಗೆ ಹಾದುಹೋಯಿತು.
ಮರದ ಹಿಡಿಯೊಳಗೆ ಬಡಿಯುತ್ತಿದ್ದದ್ದು ನನ್ನ ನಾಡಿಯೇ ಇರಬೇಕು.
ಅರುವದು.

ಹೊರಬಿದ್ದ ಗುಂಡನ್ನು ತಿರುಗಿಸಿ ಬೆನ್ನು ತೋರಿಸಿದರು:
"ಕುಳಿ ನೋಡು, ಆಳವಾಗಿದೆ. ಏಟು ಸರಿಯಾಗೇ ಬಿದ್ದಿದೆ,
ತಿಂದದ್ದು ಬಾಯಿ ಬಿಡಲಿಲ್ಲ. ತಪ್ಪು ಗುಂಡಿನದು.
ಗೀರಿದ ಹಾಗೆ ಮೇಲುಮೇಲೆ ಇದ್ದಿದ್ದರೆ
ಸ್ಪ್ರಿಂಗು ಸೋತಿದೆ ಅಂತ. ಆಗ ಬಂದೂಕು ನನ್ನದು, ನಿನಗೆ ರಜ."
ನಕ್ಕದ್ದು ಅದೊಂದೇ ಸಲ.

ಐದನೇ ಜಾಗದಲ್ಲಿ ತಸ್ಲೀಮಳ ಬಂದೂಕು ಪುಸ್ ಅಂದಿತು.
ಭುಜಕ್ಕೆ ಒದೆತವಿಲ್ಲ, ಗುಡ್ಡದಲ್ಲಿ ಧೂಳಿಲ್ಲ;
ನಮಗೆಲ್ಲ ನಗು.
ಟಿಕ್ಕಿಗೆ ನಡೆದು ಬಂದವರು ಪುಸ್ಸಿಗೆ ಓಡಿದರು,
ಮುಂದಿನ ವರ್ಷ ನಿವೃತ್ತಿಯಾಗುವ ಮನುಷ್ಯ, ಬೂಟಿನ ಲೇಸು ಬಿಚ್ಚಿಕೊಂಡು:
"ಎಳೀಬೇಡ! ಇನ್ನೊಂದು ಎಳೀಬೇಡ!"

ಬೋಲ್ಟು ತೆಗೆದು, ಹಿಂದಿನಿಂದ ಕಣ್ಣಿಟ್ಟು,
ನಳಿಗೆಯನ್ನು ಆಕಾಶಕ್ಕೆ ಹಿಡಿದು ಅವಳಿಗೆ ತೋರಿಸಿದರು.
ಆಕಾಶ ಕಾಣಲಿಲ್ಲ.
ಸೀಸದ ಗುಂಡು ಅರ್ಧ ದಾರಿಯಲ್ಲಿ ಕೂತುಬಿಟ್ಟಿತ್ತು.
ಇನ್ನೊಂದು ಅದರ ಬೆನ್ನಿಗೆ ಹೋಗಿದ್ದರೆ
ನಳಿಗೆ ಜೋಳದ ತೆನೆ ಸುಲಿದ ಹಾಗೆ.
ತಸ್ಲೀಮ ಆಮೇಲೆ ಬಹಳ ಹೊತ್ತು
ತನ್ನ ಕೆನ್ನೆಯನ್ನು ತಾನೇ ಮುಟ್ಟಿಕೊಳ್ಳುತ್ತಿದ್ದಳು.

ನೂರ ಅರವತ್ತರಲ್ಲಿ ಹತ್ತೊಂಬತ್ತು ಸಿಡಿಯಲಿಲ್ಲ.
ರಿಜಿಸ್ಟರಿನಲ್ಲಿ 'ಕಾರಣ' ಎಂಬ ಕಾಲಂ.
ಹತ್ತೊಂಬತ್ತು ಸಲವೂ ಒಂದೇ ಕೈಬರಹ: ವಯಸ್ಸು.

ಮಧ್ಯಾಹ್ನ ಶಸ್ತ್ರಾಗಾರದ ಹಿಂದೆ ಒಲೆ, ಕುದಿನೀರು.
ಈ ಹಳೇ ಮದ್ದು ಉರಿದಮೇಲೆ ಉಪ್ಪು ಉಳಿಸುತ್ತಂತೆ,
ಎಣ್ಣೆಗೆ ಅದು ಬಗ್ಗದು; ಒಂದು ರಾತ್ರಿ ಬಿಟ್ಟರೆ
ಬೆಳಿಗ್ಗೆ ನಳಿಗೆಯೊಳಗೆ ಕೆಂಪು.
ನಲ್ಲಿ ತಿರುಗಿಸಲು ಹೋದೆ, ತಡೆದರು.
"ಕೋಲಾರದ ಬೋರ್ ನೀರಮ್ಮಾ, ಅದೇ ಒಂದು ಉಪ್ಪು.
ನಿಮ್ಮನೆ ಹಂಡೆಯೊಳಗೆ ಕೈಯಾಡಿಸಿ ನೋಡು."
ಸೂರಿನ ಕೆಳಗೆ ಅವರದು ಎರಡು ಪೀಪಾಯಿ ಮಳೆನೀರು.
ಗುಂಡಿಗೆ ಒಂದು ಬೀಗ, ನೀರಿಗೆ ಎರಡು.

ಅರವತ್ತು ಯಾಕೆ ಅಂತ ಆಗಲೇ ಕೇಳಿದ್ದು.
ಆಲಿಕೆ ಹಿಡಿದಿದ್ದರು, ನಾನು ಸುರಿಯುತ್ತಿದ್ದೆ.
"ಅಪ್ಪ ಚಾಂಪಿಯನ್ ರೀಫಿನಲ್ಲಿ ಮದ್ದು ತುಂಬುತ್ತಿದ್ದರು.
ಬಂಡೆಗೆ ಹತ್ತು ತೂತು, ಆವತ್ತು ಕೇಳಿಸಿದ್ದು ಒಂಬತ್ತು ಸದ್ದು.
ಅರ್ಧ ಗಂಟೆ ಕಾದು ಒಳಗೆ ಹೋಗಬೇಕು, ಅದು ರೂಲು.
ಅಪ್ಪನ ಹತ್ತಿರ ವಾಚು ಇರಲಿಲ್ಲ."

ಮೂತಿಯಿಂದ ಮೊದಲು ಕಪ್ಪಗೆ ಇಳಿಯಿತು,
ಆಮೇಲೆ ಚಹಾದ ಬಣ್ಣಕ್ಕೆ.
ಬಗ್ಗಿ, ಬೆರಳಿಗೆ ಹಚ್ಚಿಕೊಂಡು, ನಾಲಿಗೆಗೆ ತಾಗಿಸಿ ನೋಡಿದರು.
ಇನ್ನೊಂದು ಚೊಂಬು ಹಾಕು, ಅಂದರು.