ಕಿವಿಯ ಹತ್ತಿರ

ಹೆಕ್ಸಮ್‌ನ ಅಂಗಡಿಯಲ್ಲಿ ವಿಲ್ಫ್ ಎರಡೂ ಗಾಳಿಕೋವಿಗಳನ್ನು
ಹಸಿರು ಬನಾತಿನ ಮೇಲೆ ಮಲಗಿಸಿದ.
ಬುಲ್‌ಪಪ್, ಗಿಡ್ಡ; ಗುಂಡಿನ ಮನೆ ಕೆನ್ನೆಯ ಬುಡಕ್ಕೇ.
ಇನ್ನೊಂದು ಅಕ್ರೋಟು ಮರದ್ದು, ನನ್ನ ಎದೆಯೆತ್ತರ.

"ಪೊದೆಗೆ ಸಿಕ್ಕಿಕೊಳ್ಳಲ್ಲ ಬ್ರಯೊನಿ ಇದು,
ಜೀಪಿನೊಳಗೂ ತಿರುಗುತ್ತೆ."
ನಿಜವೇ. ನಳಿಗೆ ಅಷ್ಟೇ ಉದ್ದ,
ಮೈ ಮಾತ್ರ ಮಡಚಿಟ್ಟ ಹಾಗೆ.

ಭುಜಕ್ಕೆ ಆನಿಸಿ ಹಿತ್ತಲ ಹಲಗೆಗೆ ಒಂದು ಹೊಡೆದೆ.
ಗಾಳಿ ಸಿಡಿದದ್ದು ನನ್ನ ಕಿವಿಯಲ್ಲೇ,
ಯಾರೋ ಒತ್ತಿಗೆ ನಿಂತು
ಛೀ ಅಂದ ಹಾಗೆ.

ಉದ್ದದ್ದು ಹಾಗಲ್ಲ. ಸದ್ದು ಒಂದು ಮೊಳ ಮುಂದೆ.
ಕೊಂದದ್ದು ಆ ತುದಿ, ಈ ತುದಿಯಲ್ಲಿ ಬರೀ ನಾನು.
ಹಾಗಂದುಕೊಂಡೇ ಇಪ್ಪತ್ತು ವರ್ಷ
ರಾಬ್ಸನ್‌ನ ಟರ್ನಿಪ್ ಹೊಲ ಕಾದೆ.

ಮೊನ್ನೆ ಮುಳ್ಳುಬೇಲಿಗೆ ನಳಿಗೆ ತಗುಲಿ
ಕೂದಲೆಳೆಯಷ್ಟು ಸರಿಯಿತು ಗುರಿ.
ಮೊಲ ಸಾಯಲಿಲ್ಲ. ಹಿಂಗಾಲು ಎಳೆದುಕೊಂಡು
ಬಿಲ ಸೇರಿತು. ಕತ್ತಲಾಗುವ ತನಕ
ಬಾಯಿಯ ಬಳಿ ಮೊಣಕಾಲೂರಿ ಕೂತಿದ್ದೆ,
ಬರಲಿಲ್ಲ.

ವಿಲ್ಫ್‌ಗೆ ಅದೆಲ್ಲ ಹೇಳಲಿಲ್ಲ.
"ಗಿಡ್ಡದ್ದೇ ಕಟ್ಟು."
"ಸದ್ದು ಕಿವಿಗೇ ಬಡಿಯುತ್ತೆ ಅಂತಾರೆ ಕೆಲವರು,"
ಅಂದ, ಪೆಟ್ಟಿಗೆ ಹುಡುಕುತ್ತ.

ಬಡಿಯಲಿ.