ಗಂಟೆಗೋಪುರದ ಇಟ್ಟಿಗೆ

ರುಂಫಿ ಹೊಳೆದಂಡೆಯ ಮಣ್ಣು
ಕೈಗೆ ಅಂಟಿದರೆ ಮೂರು ದಿನ ಬಿಡುವುದಿಲ್ಲ.
ಆ ಮಣ್ಣಲ್ಲಿ ಎರಡು ಸಾವಿರ ಇಟ್ಟಿಗೆ ಕೊಯ್ದು
ಮಾವಿನ ಕೊರಡು ತುಂಬಿ
ಆರು ರಾತ್ರಿ ಭಟ್ಟಿ ಕಾದವನು ನಾನು.

ಸುಗ್ಗಿಯ ಭಾನುವಾರ ಸಭೆಯೆದುರು ಓದಿದರು:
ಯೊಟಾಮು ಗೊಂದ್ವೆ, ಗಂಟೆಗೋಪುರಕ್ಕೆ, ಎರಡು ಸಾವಿರ.
ಹೆಂಗಸರು ನಾಲಿಗೆಯಾಡಿಸಿ ಉಲಿದರು.
ಮೂರನೇ ಬೆಂಚಿನಲ್ಲಿ ಅವ್ವ, ನ್ಯಾಹಾರಾ,
ಕೊರಳು ಉದ್ದ ಮಾಡಿ ಅತ್ತಿತ್ತ ನೋಡಿದಳು
ಎಲ್ಲರಿಗೂ ಕೇಳಿಸಿತೋ ಇಲ್ಲವೋ ಎಂದು.

ಆಗಸ್ಟಿನ ಗಾಳಿಯ ಒಂದು ರಾತ್ರಿ
ಟಾರ್ಚು ಹಿಡಿದು ಹೊರಬಂದೆ.
ಅವ್ವ ಅಂಗಳದಲ್ಲಿ ಕೈಯೂರಿ ತೆವಳುತ್ತಿದ್ದಳು.
ಹುಲ್ಲುತಡಿಕೆಯ ಗುಂಡಿ ಇದ್ದದ್ದು
ಮೆಕ್ಕೆಜೋಳದ ಕೂಳೆಯಾಚೆ.
"ದೀಪ ಆರಿಸು," ಅಂದಳು.
ಆರಿಸಿದೆ.
ಅವಳು ಹೋಗಿಬರುವಷ್ಟು ಹೊತ್ತು
ಕತ್ತಲಲ್ಲಿ ಬರೀ ಸದ್ದು ಕೇಳುತ್ತ ನಿಂತೆ.

ಪಾಸ್ಟರ್ ಮ್‌ಸುಕ್ವ ಮಾರ್ಕನ ಏಳನೇ ಅಧ್ಯಾಯ ಓದಿದ್ದು
ನನಗೆಂದು ಅಲ್ಲ; ಆ ವಾರದ ಪಾಠ ಅದಿತ್ತು, ಅಷ್ಟೆ.
ಕೊರ್ಬಾನ್.
ಇದು ದೇವರಿಗೆ ಮೀಸಲು, ಅಪ್ಪಾ, ಅವ್ವಾ, ನಿಮಗಿಲ್ಲ
ಎಂದು ಜಾರಿಕೊಂಡವರ ಮೇಲೆ
ಯೇಸು ಸಿಟ್ಟಾದ ಕಥೆ.
ನಾನು ನನ್ನ ಉಗುರು ನೋಡಿಕೊಂಡೆ.
ಸಂದಿಯಲ್ಲಿನ್ನೂ ಕೆಂಪುಮಣ್ಣು.

ಚಿಕ್ಕವನಿದ್ದಾಗ ಸನ್ಮಾನಿಸುವುದು ಸುಲಭವಿತ್ತು:
ನೀರು ತಾ ಎಂದರೆ ನೀರು,
ಮಂಡಿಯೂರಿ, ಎರಡೂ ಕೈಯಲ್ಲಿ.
ನಲವತ್ತೇಳಕ್ಕೆ ಯಾರೂ ಕಲಿಸಿಕೊಟ್ಟಿಲ್ಲ
ಅವ್ವ ಬೇಡವೆಂದದ್ದನ್ನು
ಅವ್ವನಿಗಾಗಿ ಮಾಡುವುದು ಹೇಗೆ ಎಂದು.

"ದೇವರ ಇಟ್ಟಿಗೆಯಲ್ಲಿ ಪಾಯಿಖಾನೆಯೇ?
ನಿನ್ನ ಅಪ್ಪ ಇದ್ದಿದ್ದರೆ..."
ಇದ್ದಿದ್ದರೆ ಏನೋ, ಇಬ್ಬರಿಗೂ ಗೊತ್ತಿಲ್ಲ.
ಜೋಹಾನ್ಸ್‌ಬರ್ಗಿನ ಗಣಿಯಿಂದ ಅವನು ತಂದದ್ದು
ಒಂದು ಸೈಕಲ್ಲು, ಒಂದು ಕೆಮ್ಮು.

ಅಡುಗೆಮನೆಯಿಂದ ಒಂಬತ್ತು ಹೆಜ್ಜೆ. ಅವಳ ಹೆಜ್ಜೆ.
ಪೀಠ, ಚರ್ಚಿನ ಬೆಂಚಿನಷ್ಟೇ ಎತ್ತರ,
ಅಷ್ಟು ಎತ್ತರದಿಂದ ಮಾತ್ರ
ಯಾರ ಕೈಯನ್ನೂ ಕೇಳದೆ ಏಳಬಲ್ಲಳು.
ಹಿಡಿದುಕೊಳ್ಳಲು
ಅಪ್ಪನ ಸೈಕಲ್ಲಿನ ಹ್ಯಾಂಡಲನ್ನು ಬಿಚ್ಚಿ
ಗೋಡೆಗೆ ಕೂರಿಸಿ ಗಾರೆ ಮೆತ್ತಿದೆ.
ಆರುನೂರ ನಲವತ್ತು ಇಟ್ಟಿಗೆ ಹಿಡಿಯಿತು.

ಮುಂದಿನ ಭಾನುವಾರ ಎದ್ದು ನಿಂತು
ಇಷ್ಟು ಬಾಕಿ ಎಂದೆ.
ಯಾವುದಕ್ಕೆ ಹೋಯಿತು ಎಂದೂ ಹೇಳಿದೆ.
ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.
ಅವ್ವ ಚಿತೆಂಜೆಯ ಅಂಚನ್ನು ಬಾಯಿಗೊತ್ತಿಕೊಂಡಳು.
ಬಾಕಿ ಎಂದಷ್ಟೇ ಹೇಳಿ ಕೂರಬೇಕಿತ್ತು.
ಸತ್ಯ ನುಡಿದೆನೆಂಬ ಹೆಮ್ಮೆಯಲ್ಲಿ
ಅವಳ ಮಂಡಿಯನ್ನು ಊರಮುಂದೆ ಬಿಚ್ಚಿಟ್ಟೆ;
ಸನ್ಮಾನಿಸ ಹೊರಟು ಮಾನ ಕಳೆದೆ.
ಪಾಸ್ಟರ್ ಕೈ ಕುಲುಕಿದರು.
ಅದು ಇನ್ನೂ ಕೆಟ್ಟದಾಯಿತು.

ಎಂಟು ದಿನ ಮಾತಿಲ್ಲ.
ಮುದ್ದೆಯ ತಟ್ಟೆಯನ್ನು ನನ್ನ ಕಡೆ ಸರಿಸುವಳು,
ಕಣ್ಣು ಬೆಂಕಿಯ ಮೇಲೆ.
ರಾತ್ರಿ ಮತ್ತೆ ಅದೇ ಕೂಳೆಯಾಚೆ, ಅದೇ ಸದ್ದು.
ನಾನು ಚಾಪೆಯ ಮೇಲೆ ಮಲಗಿ
ಕರ್ತನೇ, ಎನ್ನುವೆ. ಮುಂದೆ ಪದ ಹೊಳೆಯುವುದಿಲ್ಲ.

ಒಂಬತ್ತನೆಯ ರಾತ್ರಿ ಅಗುಳಿ ಸರಿಯಿತು.
ಎಣಿಸಿದೆ. ಏಳು, ಎಂಟು.
ಒಂಬತ್ತಕ್ಕೆ ನಿಂತಿತು.
ಹ್ಯಾಂಡಲಿನ ಗಂಟೆಯನ್ನು ಬಿಚ್ಚಲು
ಮರೆತಿದ್ದೆ ನಾನು.

ಟ್ರಿಣ್ ಎಂದಿತು, ಒಂದು ಸಲ,
ಅಪ್ಪ ಹೊಳೆಯ ತಿರುವಿನಲ್ಲಿ
ಬಂದೆ ಎನ್ನುತ್ತಿದ್ದ ಹಾಗೆ.

ಕೈ ತಾಗಿತೋ, ಬೇಕೆಂದೇ ಹೊಡೆದಳೋ.
ಟಾರ್ಚು ತಲೆದೆಸೆಯಲ್ಲೇ ಇತ್ತು.
ಮುಟ್ಟಲಿಲ್ಲ.