ಹಳೇ ಹೆಬ್ಬೆಟ್ಟು

ಮೂವತ್ತೊಂದು ವರ್ಷ, ಬಾದಾಮಿ ರಿಜಿಸ್ಟರ್ ಕಚೇರಿ ಮುಂದ
ಬೇವಿನ ನೆರಳಾಗ ನನ್ನ ಮೇಜು.
ದಸ್ತಗೀರ ಅಂದ್ರ ಕೈ ಹಿಡಿಯಾಂವ,
ಅಬ್ಬಾ ಹೇಳತಿದ್ದ.
ಹೆಸರಿಗೆ ತಕ್ಕಂಗ ಕೈನ ಹಿಡದೇನಿ:
ಸಹಿ ಬಾರದವರ ಎಡಗೈ ಹೆಬ್ಬೆಟ್ಟು
ನೀಲಿ ಪ್ಯಾಡಿಗೆ ಒತ್ತಿ, ಕಾಗದಕ್ಕ ಒತ್ತಿ,
ಉಗರಿನ ಈ ಅಂಚಿನಿಂದ ಆ ಅಂಚಿಗೆ ಉಳ್ಳಾಡಿಸಿ,
"ಗಟ್ಟಿ ಒತ್ತಬ್ಯಾಡ ಯವ್ವಾ, ಗೆರಿ ಮುಚ್ಚತಾವ."

ಬೆರಳಿನಾಗ ಊರ ಓದತಿದ್ದೆ.
ಕಲ್ಲ ಒಡಿಯಾವ್ರದು ಬಿರಕ ಬಿಟ್ಟ ಎರಿ ಹೊಲ,
ಬೀಡಿ ಕಟ್ಟಾಕಿದು ತಂಬಾಕಿನ ವಾಸನಿ,
ಮುಳುಗಡಿ ಪರಿಹಾರದ ಕಾಗದಕ್ಕ ಬಂದ ಮುದುಕಂದು
ನಡಗಿ ನಡಗಿ ಗುರುತು ಎರಡೆರಡಾಗಿ ಬಿತ್ತು.

ಗುಳೇದಗುಡ್ಡದ ಬನಶಂಕ್ರವ್ವ ಬಂದದ್ದು
ಹದಿನಾಲ್ಕು ವರ್ಷದ ಹಿಂದ,
ಮೈದುನನ ಕಡಿಂದ ಮಗ್ಗದ ಮನಿ ಖರೇದಿ ಹಿಡಿಯಾಕ.
ಚಕ್‌ಬಂದಿ ನಾನ ಬರದೆ:
ಪೂರ್ವಕ್ಕ ಹಾದಿ, ಪಶ್ಚಿಮಕ್ಕ ಬಣ್ಣದ ಭಟ್ಟಿ,
ಉತ್ತರಕ್ಕ ಮೈದುನನ ಗ್ವಾಡಿ, ದಕ್ಷಿಣಕ್ಕ ಬಾವಿ.
ಹೆಬ್ಬೆಟ್ಟಿಗೆ ಚಕ್‌ಬಂದಿ ಬರೀಲಿಲ್ಲ.
ಯಾರ ಬರದಾರ?

ಆಗ ಆಕಿ ಬೆರಳು ಛಲೋ ಇತ್ತು, ನೆನಪೈತಿ,
ಬಾವ್ಯಾಗ ಕಲ್ಲ ಒಗದಂಗ ದುಂಡ ದುಂಡ ಸುಳಿ.

ಆಮ್ಯಾಲ ಕಾಗದ ಕಂಪ್ಯೂಟರಿಗೆ ಹೋದವು.
ಬೆರಳೂ ಹೋದವು.
ಬಾಗಲದ ಮ್ಯಾಲ ಕ್ಯಾಮೆರಾ ಬಂತು,
ಮಾರಾಂವನ ಮಾರಿ, ಕೊಳ್ಳಾಂವನ ಮಾರಿ,
ಚಾ ತರೋ ಹುಡುಗನ ಮಾರಿನೂ ನುಂಗಿ ಕುಂತೈತಿ.
"ಇನ್ನ ಗೆದ್ದಲ ಹತ್ತಂಗಿಲ್ಲ ದಸ್ತಗೀರ" ಅಂದ್ರು ಸಾಹೇಬ್ರು.
ಖುಷಿ ಆತು, ಖರೇ ಹೇಳತೇನಿ.

ಮೊನ್ನೆ ಮತ್ತ ಬಂದಿದ್ಲು, ಪಾಸ್‌ಬುಕ್ ಸೆರಗಿನಾಗ ಸುತಗೊಂಡು.
ಒಂಬತ್ತು ಸಾವಿರ ಒಮ್ಮೆ, ಏಳುವರಿ ಒಮ್ಮೆ,
ಹೆಸರ ಕೇಳದ ಊರಾಗ ಯಾರೋ ತಗದಾರ.
ಆಕಿ ಬೆರಳ ಇಟ್ಟ ತಗದಾರ.
"ಅಂಟಿನಾಗ ಅಚ್ಚ ಹೊಯ್ದಿರತಾರ,
ಖರೇದಿ ಪತ್ರದ್ದ ಇರಬೇಕು ಅಜ್ಜಿ" ಅಂದನಂತ ಠಾಣೆ ಹುಡುಗ.
ಬ್ಯಾಂಕಿನವರು: "ಮಿಶೀನಿನಾಗ ನೀವ ಬಂದೀರಿ ಅಂತ ಐತಿ."

ಇತ್ತ ರೇಶನ್ ಅಂಗಡ್ಯಾಗ ನಾಕ ತಿಂಗಳಾತು,
ಇದ ಬೆರಳಿಗೆ ಒಲ್ಲೆ ಅಂತೈತಿ ಮಿಶೀನು.
ಎಳಿ ಜಗ್ಗಿ ಜಗ್ಗಿ ಗೆರಿ ಸವದಾವ.
ಒರಸತಾಳ, ಊದತಾಳ, ಎಣ್ಣಿ ಹಚ್ಚತಾಳ,
ಕೆಂಪ ದೀಪ.
ಕೈಗೆ ಹತ್ತಿದ ಬೆರಳು ಸುಳ್ಳು.
ನಾ ಒತ್ತಿಸಿದ ಹರೇದ ಬೆರಳು ಮಾತ್ರ
ಟಿಕೀಟ ಇಲ್ಲದ ದೇಶ ತಿರಗತೈತಿ,
ಹೋದಲ್ಲೆಲ್ಲ ಹಸರ ದೀಪ.

"ಮಂಗ್ಯಾ ಕಸಗೊಂಡ್ರ
ಗ್ವಾಡಿ ಮ್ಯಾಲ ಕುಂತು ತಿಂತೈತಿ,
ಬೈಯಾಕರ ಬರತೈತಿ" ಅಂದ್ಲು.
ಕಚೇರಿ ಮಾಳಗಿ ಮ್ಯಾಲ ಒಂದು ಕುಂತಿತ್ತು,
ಯಾರದೋ ಬಾಳಿಹಣ್ಣು ಸುಲಕೋತ.

ಅರ್ಜಿ ಬರಿ ಅಂದ್ಲು, ಬರದೆ.
ಓದು ಅಂದ್ಲು, ಓದಿದೆ.
ರೂಢಿ ನೋಡ್ರಿ, ಪ್ಯಾಡಿನ ಮುಚ್ಚಳ ತಗದು
ಕೈ ಹಿಡಿಯಾಕ ಕೈ ಚಾಚಿದೆ.

ಕೊಡಲಿಲ್ಲ.
"ದಸ್ತಗೀರಣ್ಣ, ಇದೂ ಅಲ್ಲಿಗೇ ಹೊಕ್ಕೈತೇನು?"

ಮೂವತ್ತೊಂದು ವರ್ಷದಾಗ
ಯಾರೂ ನನ್ನ ಈ ಮಾತ ಕೇಳಿದ್ದಿಲ್ಲ.

"ನಾ ಖಣದ ಮ್ಯಾಲ ಆನಿಹೆಜ್ಜಿ ತಗೀತೇನಿ.
ಬ್ಯಾರೆದಾಂವ ನಕಲ ಹೊಡದ್ರ
ಕಣ್ಣ ಮುಚ್ಚಿ ಕೈಯಾಡಿಸಿ ಹೇಳತೇನಿ, ಇದು ನಂದಲ್ಲ.
ಸರಕಾರದ ಮಿಶೀನಿಗೆ ಅಷ್ಟೂ ಬರಂಗಿಲ್ಲೇನು?"

ಐದರ ಬಸ್ಸಿಗೆ ಹೋದ್ಲು,
ಎಡಗೈ ಸೆರಗಿನಾಗ.

ಅರ್ಜಿ ಇಲ್ಲೇ ಐತಿ, ಮ್ಯಾಲ ಕೆಂಪಗಲ್ಲ ಹೇರೇನಿ.
ಕೆಳಗ ಎಡಕ್ಕ ಗುರುತಿನ ಜಾಗಾ ಬೆಳ್ಳಗ.
ಸಾಬಾಣ ಹಚ್ಚಿ ಕೈ ತೊಳದೆ. ಉಗರ ಸಂದ್ಯಾಗಿನ ನೀಲಿ
ಯಾರ್ಯಾರದೋ, ಹೋಗಲಿಲ್ಲ.

ನಾಳೆ ನಾಕ ಖರೇದಿ ಅದಾವ.
ಪ್ಯಾಡ ಒಣಗಿತ್ತು.
ಎರಡ ಹನಿ ಶಾಯಿ ಬಿಟ್ಟೆ.